ಮಾನ್ಯತೆಗಾಗಿ ವನವಾಸ ಮಾಡಿದ ನಮ್ಮತ್ತೆ

ನಮ್ಮ ಸೋದರತ್ತೆಯಷ್ಟು ಅಪಾಯಕಾರಿ ಹೆಂಗಸು ಇಡೀ ಮುಳಬಾಗಿಲು ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಹಾಗೆಂದು ಅವರು ಯಾರ ಮೇಲೂ ಕೈ ಮಾಡಿದವರಲ್ಲ. ಬಾಯಿ ಮಾಡಿದ್ದುಂಟು, ಅದು ಬೇರೆ ವಿಷಯ. ಅಪಾಯ ಇದ್ದದ್ದು ಅವರ ಮೇಜಿನ ಎದುರಿಗಿದ್ದ ಬೆಂಚಿನಲ್ಲಿ. ಆ ಬೆಂಚಿನ ಮೇಲೆ ಸುಮ್ಮನೆ ಕೂತವರು ಯಾರೂ ಸುಮ್ಮನೆ ಎದ್ದುಹೋದದ್ದನ್ನು ನಾನು ಕಂಡಿಲ್ಲ! ಸಹಾಯ ಕೇಳಿಕೊಂಡು ಬಂದವನಿಗೆ ಸಹಾಯ ಸಿಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅವನು ಕೈ ಮುಗಿದು, “ನಿಮ್ಮ ಉಪಕಾರ ಮರೆಯಾಕಿಲ್ಲ ಅಕ್ಕಾ” ಎನ್ನುವಷ್ಟರಲ್ಲಿ ಅತ್ತೆಯ ಪ್ರಶ್ನೆ ಸಿದ್ಧವಾಗಿರುತ್ತಿತ್ತು: “ಮರೀಬೇಡ. ಭಾನುವಾರ ಖಾಲಿ ಇದ್ದೀಯಾ?” ಅಲ್ಲಿಗೆ ಅವನ ಭಾನುವಾರಗಳ ಕಥೆ ಮುಗಿಯಿತೆಂದೇ ತಿಳಿಯಬೇಕು.

ನನ್ನ ಮದುವೆಗೆ ಕರೆಯಲು ಹೋದಾಗ ನನಗೂ ಅದೇ ಗತಿಯಾಯಿತು. ಲಗ್ನಪತ್ರಿಕೆಯನ್ನು ಅವರು ಬಿಡಿಸಿ ಕೂಡ ನೋಡಲಿಲ್ಲ. “ಬಂದ್ಯಾ? ಒಳ್ಳೇ ಹೊತ್ತಿಗೆ ಬಂದೆ ಕಣೋ. ಆವಣೀಲಿ ಕಣ್ಣಿನ ಶಿಬಿರ ಇದೆ, ಒಬ್ಬ ಕೈ ಕೊಟ್ಟಿದಾನೆ, ನಡಿ” ಎಂದು ಹೊರಡಿಸಿಯೇ ಬಿಟ್ಟರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಏನೂ ಕಾಣದೆ ತಡವರಿಸುತ್ತಿದ್ದ ಮುದುಕರನ್ನು ಬೆಂಚಿನಿಂದ ಡಾಕ್ಟರ ಹತ್ತಿರಕ್ಕೆ, ಅಲ್ಲಿಂದ ಬಚ್ಚಲಿಗೆ ಕೈ ಹಿಡಿದು ನಡೆಸುವುದು ನನ್ನ ಕೆಲಸ. ಒಬ್ಬ ತಾತ ಕೇಳಿದ, “ಮದುವೆ ಆಗೈತೇನಪ್ಪಾ?” ಮುಂದಿನ ವಾರ ಎಂದೆ. “ಅಂಗಾದ್ರೆ ಕೈ ಹಿಡ್ಕಂಡು ನಡ್ಸೋದು ಇವತ್ತೇ ಕಲ್ತ್ಕ ಬುಡು” ಎಂದ. ಮದುವೆ ಗಂಡು ಶಿಬಿರ ಮುಗಿಸಿ ಕೋಲಾರಕ್ಕೆ ಬರುವಷ್ಟರಲ್ಲಿ ಮನೆಯಲ್ಲಿ ಎಲ್ಲರೂ ಗಾಬರಿಯಾಗಿ ಬೀದಿಗೆ ಬಂದು ನಿಂತಿದ್ದರು!

ಅತ್ತೆ ಮುಳಬಾಗಿಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮಾವ ಬೇಗ ಹೋಗಿಬಿಟ್ಟರು, ಮಕ್ಕಳಾಗಿರಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಾಲೂಕಿನ ಕಷ್ಟಸುಖವನ್ನೆಲ್ಲ ಕೇಳುತ್ತಾ ಕೂತರೆ ಅವರಿಗೆ ಮನೆಯ ನೆನಪೇ ಬರುತ್ತಿರಲಿಲ್ಲವಂತೆ. ಕೇಳಿಸಿಕೊಳ್ಳುವುದು ಮಾತ್ರವೇ? ನಡುವೆ ಬಾಯಿ ಹಾಕುವುದೂ ಉಂಟು! ಶ್ರೀನಿವಾಸಪುರದ ಅಣ್ಣ ಮುಳಬಾಗಿಲಿನ ತಮ್ಮನಿಗೆ ಟ್ರಂಕ್ ಕಾಲ್ ಮಾಡಿ, ಅಮ್ಮನಿಗೆ ಆಪರೇಷನ್, ಎರಡು ಬಾಟಲಿ ರಕ್ತ ಬೇಕಂತೆ ಎಂದು ಅಳುತ್ತಿದ್ದರೆ, ಮಧ್ಯದಲ್ಲಿ ಮೂರನೆಯ ದನಿಯೊಂದು, “ಯಾವ ಗ್ರೂಪ್ ಅದನ್ನ ಮೊದ್ಲು ಹೇಳಿ. ಹುತ್ತೂರಲ್ಲಿ ನಾಲ್ಕು ಜನ ಹುಡುಗರಿದಾರೆ. ಲೈನಲ್ಲೇ ಇರಿ, ಕೊಡ್ತೀನಿ” ಎನ್ನುತ್ತಿತ್ತು. ಇಲಾಖೆಯ ನಿಯಮಕ್ಕೆ ಇದು ಪೂರಾ ವಿರುದ್ಧ. ಮೇಲಿನವರು ಎಚ್ಚರಿಕೆ ಕೊಡಲು ಫೋನ್ ಮಾಡಿದರೆ, ಅವರನ್ನೂ “ಲೈನಲ್ಲೇ ಇರಿ” ಎಂದು ಕಾಯಿಸಿ ರಕ್ತದ ವ್ಯವಸ್ಥೆ ಮುಗಿಸಿಯೇ ಬೈಸಿಕೊಳ್ಳುತ್ತಿದ್ದರು.

ಆಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ಜನ ತಾವೇ ನಂಬರ್ ತಿರುಗಿಸಿಕೊಳ್ಳತೊಡಗಿದರು. ನಡುವೆ ಬಾಯಿ ಹಾಕಲು ಜಾಗವೇ ಇಲ್ಲ! ಅತ್ತೆ ಸ್ವಯಂನಿವೃತ್ತಿ ತೆಗೆದುಕೊಂಡು, ಬಸ್ ಸ್ಟ್ಯಾಂಡಿನ ಎದುರು ಎರಡು ಕೋಣೆ ಹಿಡಿದು, ಒಂದು ಫೋನ್ ಹಾಕಿಸಿ, ‘ಸ್ವಯಂಸೇವಾ ಕೇಂದ್ರ’ ಎಂದು ಬೋರ್ಡ್ ಬರೆಸಿದರು. ಟೇಕಲ್ಲಿನ ಮಹಿಳಾ ಸಂಘಕ್ಕೆ ಲೆಕ್ಕ ಬರೆಯುವವರು ಬೇಕೇ, ಹುತ್ತೂರಿನ ಯುವಕ ಸಂಘದ ರಕ್ತದಾನಕ್ಕೆ ಕೈ ಆಳುಗಳು ಬೇಕೇ, ಶ್ರೀನಿವಾಸಪುರದ ಕುರುಡು ಮಕ್ಕಳಿಗೆ ಪರೀಕ್ಷೆ ಬರೆದುಕೊಡುವವರು ಬೇಕೇ? ಅತ್ತೆಗೆ ಫೋನ್ ಮಾಡಿದರಾಯಿತು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನರ ಬಾಯಲ್ಲಿ ಅದು ಎಕ್ಸ್‌ಚೇಂಜ್ ಆಗಿಯೇ ಉಳಿಯಿತು. ಅತ್ತೆ ‘ಎಕ್ಸ್‌ಚೇಂಜ್ ಅಕ್ಕ’. ಕೇಂದ್ರದಲ್ಲಿ ದಿನಾ ಇರುತ್ತಿದ್ದವರು ಇಬ್ಬರು. ಅಂಗನವಾಡಿಯಿಂದ ನಿವೃತ್ತಳಾದ ಶಾಂತಮ್ಮ, ಪಕ್ಕದ ಸೈಕಲ್ ಷಾಪಿನ ಬಾಷಾ. ಇಬ್ಬರೂ ಒಂದು ಕಾಲಕ್ಕೆ ಸಹಾಯ ಕೇಳಲು ಬಂದು ಆ ಬೆಂಚಿನ ಮೇಲೆ ಸುಮ್ಮನೆ ಕೂತವರೇ!

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಅತ್ತೆ ಒಂದು ದಿನ ಮಾಲೂರಿಗೆ ಹೋಗಿಬಂದರು. ಹೋಗದಿದ್ದರೆ ಚೆನ್ನಾಗಿತ್ತು. ಅಲ್ಲಿನ ಸೇವಾಕೇಂದ್ರದ ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ಒಂದು ಪತ್ರ ಅವರ ಕಣ್ಣಿಗೆ ಬಿತ್ತು. ಗುಣಮಟ್ಟದ ಮಾನ್ಯತೆಯಂತೆ. ಊರೂರಿನ ಸಣ್ಣ ಸಂಘಗಳಿಗೆ ನೆರವಾಗುವ ಕೇಂದ್ರಗಳನ್ನು ಬೆಂಗಳೂರಿನ ಸಂಸ್ಥೆಯೊಂದು ಬಂದು ಪರೀಕ್ಷಿಸಿ, ಸರಿಯಾಗಿದ್ದರೆ ಈ ಪತ್ರ ಕೊಡುತ್ತದಂತೆ. ಅಷ್ಟೇ ಆಗಿದ್ದರೆ ಅತ್ತೆ ಮೂಗು ಮುರಿದು ಸುಮ್ಮನಾಗುತ್ತಿದ್ದರೇನೋ. ಆದರೆ ಮುಂದಿನ ವರ್ಷದಿಂದ ಮಾನ್ಯತೆ ಇದ್ದ ಕೇಂದ್ರಗಳ ಮೂಲಕವೇ ಕಣ್ಣಿನ ಶಿಬಿರ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. “ನನ್ನ ಮುದುಕರಿಗೆ ಕಣ್ಣು ಕಾಣಬೇಕಾದ್ರೆ ನನ್ನ ಗೋಡೆ ಮೇಲೆ ಆ ಕಾಗದ ಇರಬೇಕಂತೆ ಕಣೋ!” ಎಂದು ಕೋಲಾರದ ನಮ್ಮ ಮನೆಯಲ್ಲಿ ಕೂತು ಹೇಳಿದಾಗ ಅವರ ದನಿ ಸಣ್ಣಗಾಗಿತ್ತು. ಅತ್ತೆಯ ದನಿ ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾನದಂಡಗಳ ದಪ್ಪ ಪುಸ್ತಕ ಬಂತು. ಪ್ರತಿ ಸ್ವಯಂಸೇವಕರ ಕರ್ತವ್ಯವೇನೆಂದು ಬರೆದಿಡಬೇಕು ಎಂದಿತ್ತು. ಶಾಂತಮ್ಮನ ಕರ್ತವ್ಯ ಏನು? ಬಹಳ ಯೋಚಿಸಿ ಅತ್ತೆ ‘ಗದರುವುದು’ ಎಂದು ಬರೆಸಿದರು. ಯಾರನ್ನು ಎಂದು ಕೇಳಿದರೆ ಏನು ಹೇಳುವುದು ಎಂದೆ. “ಯಾರು ಕೇಳ್ತಾರೋ ಅವರನ್ನೇ” ಎಂದಳು ಶಾಂತಮ್ಮ. ಕೇಂದ್ರದಲ್ಲಿ ದೂರುಪೆಟ್ಟಿಗೆ ಇರಬೇಕು ಎಂದಿತ್ತು. ಬಿಸ್ಕತ್ತಿನ ಡಬ್ಬಕ್ಕೆ ತೂತು ಮಾಡಿ ಬಾಗಿಲಿಗೆ ನೇತುಹಾಕಿದ್ದಾಯಿತು. ವಾರ ಕಳೆದರೂ ಒಂದು ದೂರಿಲ್ಲ! ಅತ್ತೆಗೆ ನಿದ್ದೆ ಹಾರಿಹೋಯಿತು. “ಒಂದು ದೂರೂ ಇಲ್ಲ ಅಂದ್ರೆ ಜನ ಇತ್ತ ಸುಳಿಯೋದೇ ಇಲ್ಲ ಅನ್ಕೊಳ್ಳಲ್ವೇನೋ ಅವರು?” ಎಂದು ಬಂದವರಿಗೆಲ್ಲ ಕಾಫಿ ಕೊಟ್ಟು, ದೂರು ಬರೆಯಿರಿ ಎಂದು ಗೋಗರೆದರು. ಕಾಫಿ ಕುಡಿದವರು ಹೇಗೆ ದೂರುತ್ತಾರೆ? ಕೊನೆಗೆ ಬಾಷಾನ ಕೈಗೆ ಪೆನ್ನು ಕೊಟ್ಟು ಬಲವಂತವಾಗಿ ಕೂರಿಸಿದರು. ಅವನು ತಲೆ ಕೆರೆದುಕೊಂಡು ಬರೆದು ಹಾಕಿದ. ಡಬ್ಬ ತೆರೆದು ನೋಡಿದರೆ, ‘ಈ ಕೇಂದ್ರದಲ್ಲಿ ದೂರು ಬರೆಯಲು ತುಂಬಾ ಹಿಂಸೆ ಕೊಡುತ್ತಾರೆ’ ಎಂದಿತ್ತು!

ಇವನ್ನೆಲ್ಲ ದಾಟಿದ ಮೇಲೆ ಕೊನೆಯ ಮಾನದಂಡ ಬಂತು. ಸಂಸ್ಥೆಯನ್ನು ಕಟ್ಟಿದವರು ಇಲ್ಲದೆಯೂ ಸಂಸ್ಥೆ ನಡೆಯಬೇಕು. ಅದನ್ನು ಪರೀಕ್ಷಿಸಲು ಕಟ್ಟಿದವರು ಒಂದು ತಿಂಗಳು ಕೇಂದ್ರದ ಕಡೆ ತಲೆ ಹಾಕಬಾರದು. ಆ ತಿಂಗಳಲ್ಲಿ ಯಾವಾಗಲಾದರೂ ಹೇಳದೆ ಕೇಳದೆ ಪರೀಕ್ಷಕರು ಬರುತ್ತಾರೆ. ಓದಿದ ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಅಕ್ಷರಗಳೇನೂ ಬದಲಾಗಿರಲಿಲ್ಲ. ಆಮೇಲೆ ನನ್ನನ್ನು ಕೇಳಿದರು, “ಲೇ, ತಿಂಗಳು ಅಂದ್ರೆ ಫೆಬ್ರವರಿ ಆದ್ರೂ ನಡೆಯತ್ತಾ?”

ಹೀಗೆ ಫೆಬ್ರವರಿ ಒಂದನೆಯ ತಾರೀಖು ಅತ್ತೆ ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ವನವಾಸಕ್ಕೆ ಬಂದಿಳಿದರು. ಬಂದ ಎರಡೇ ದಿನದಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಪಕ್ಕದ ಮನೆಯ ಅಜ್ಜಿಗೆ ಪೇಪರ್ ಓದಿ ಹೇಳುವ ಪಾಳಿಗೆ ಸೇರಿದ್ದರು. ಹಾಲಿನವನು ತಪ್ಪಿಸಿಕೊಳ್ಳಲು ಹಾಲನ್ನು ಗೇಟಿನಲ್ಲೇ ಇಟ್ಟು ಓಡುತ್ತಿದ್ದ. ಆದರೂ ಅತ್ತೆಗೆ ಮನಸ್ಸು ನಿಲ್ಲುತ್ತಿರಲಿಲ್ಲ. ನಮ್ಮ ಮನೆಯ ಫೋನ್ ಹೊಡೆದುಕೊಂಡರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದರು. ನನ್ನ ಹೆಂಡತಿಯ ಅಕ್ಕನೋ, ತಪ್ಪು ನಂಬರೋ ಆಗಿರುತ್ತಿತ್ತು. ರಿಸೀವರನ್ನು ನಮ್ಮ ಕೈಗೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋಗುತ್ತಿದ್ದರು. ಆ ಹೋಗುವುದನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ಒಂದು ದಿನ ದೇವಸ್ಥಾನಕ್ಕೆ ಎಂದು ಹೊರಟವರು ಸಂಜೆಗೆ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದರೆ ನಂಗಲಿಗೆ ಎಂದರು. ಆಂಧ್ರದ ಗಡಿಯಲ್ಲಿರುವ ನಂಗಲಿಯಲ್ಲಿ ಇವರಿಗೇನು ಕೆಲಸ? ಏನೂ ಇಲ್ಲ. ಅಲ್ಲಿಗೆ ಹೋಗುವ ಬಸ್ಸು ಮುಳಬಾಗಿಲ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ, ಕಿಟಕಿಯಿಂದ ಕೇಂದ್ರ ಕಾಣುತ್ತದೆ, ಅಷ್ಟೇ! ಯಾರಿಗೂ ಗುರುತಾಗದಿರಲೆಂದು ತಲೆ ತುಂಬಾ ಸೆರಗು ಹೊದ್ದು ಕೂತಿದ್ದರಂತೆ. ಕಂಡಕ್ಟರ್ ಬಿಡಬೇಕಲ್ಲ! “ಎಕ್ಸ್‌ಚೇಂಜ್ ಅಕ್ಕಾ, ನಿಮ್ಮ ಸ್ಟಾಪ್ ಬಂತು, ಇಳೀರಿ! ನಿದ್ದೆ ಬಂದ್ಬುಡ್ತಾ?” ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದನಂತೆ. ಇವರು ಸೀಟಿನ ಕೆಳಕ್ಕೆ ಬಗ್ಗಿ ಇಲ್ಲದ ಚಪ್ಪಲಿ ಹುಡುಕಿದರಂತೆ.

“ಏನ್ ಕಂಡಿತು ಅತ್ತೆ?” ಎಂದು ನನ್ನ ಹೆಂಡತಿ ಕೇಳಿದಳು.

“ಬಾಗಿಲು ತೆಗೆದಿತ್ತು ಕಣೇ. ಬೆಂಚಿನ ಮೇಲೆ ಜನ ಇದ್ರು. ಎಲ್ಲಾ ಚೆನ್ನಾಗಿ ನಡೀತಿದೆ.” ಬ್ಯಾಗನ್ನು ಮೊಳೆಗೆ ನೇತುಹಾಕುತ್ತಾ ಸೇರಿಸಿದರು, “ನಾನಿಲ್ದೇನೇ.”

ಅವತ್ತಿನಿಂದ ಶುರುವಾಯಿತು ಫೋನಿನ ಆಟ. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಹೋಗಿ ಕೇಂದ್ರಕ್ಕೆ ಫೋನ್ ಮಾಡುವುದು. ತಲೆ ಹಾಕಬಾರದು ಎಂದಿದ್ದಾರೆಯೇ ಹೊರತು ಫೋನ್ ಮಾಡಬಾರದು ಎಂದಿಲ್ಲವಲ್ಲ! ಆದರೂ ಗುರುತು ಸಿಕ್ಕರೆ ಮಾನ್ಯತೆಗೆ ಕುತ್ತು. ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದ್ದರು. ದನಿ ದಪ್ಪ ಮಾಡಿಕೊಂಡು ತೆಲುಗಿನಲ್ಲಿ ಮಾತಾಡುವುದು! ಒಂದು ದಿನ ನಾನೂ ಜೊತೆಗೆ ಹೋಗಿದ್ದೆ.

“ಹಲೋ, ಪಲಮನೇರು ನುಂಚಿ ಮಾಟ್ಲಾಡ್ತುನ್ನಾ. ಕಂಟಿ ಶಿಬಿರಾನಿಕಿ ನಲುಗುರು ಮನುಷುಲು ಕಾವಾಲಿ” ಎಂದರು. ಪಲಮನೇರಿನಿಂದ, ಕಣ್ಣಿನ ಶಿಬಿರಕ್ಕೆ ನಾಲ್ಕು ಜನ ಬೇಕಂತೆ. ಇಡೀ ತಾಲೂಕು ಇಪ್ಪತ್ತು ವರ್ಷ ಕಿವಿಗೆ ಒತ್ತಿಕೊಂಡು ಕೇಳಿದ ದನಿ! ತೆಲುಗಿನಲ್ಲಿ ಬಂದರೆ ಅದು ಬೇರೆ ದನಿಯಾಗುತ್ತದೆಯೇ? ಮುಳಬಾಗಿಲಿನಲ್ಲಿ ತೆಲುಗು ಬಾರದವರಾದರೂ ಯಾರು? ಆ ಕಡೆ ಶಾಂತಮ್ಮ. ಅವಳ ದನಿ ಬೂತಿನ ಹೊರಗಿದ್ದ ನನಗೂ ಕೇಳುತ್ತಿತ್ತು.

“ಕಳಿಸ್ತೀವಮ್ಮಾ. ಊಟ ಆಯ್ತಾ?”

“ಅಯಿಂದಿ, ಅಯಿಂದಿ.”

“ಬಿಪಿ ಮಾತ್ರೆ ತಗೊಂಡ್ರಾ?”

ಅತ್ತೆ ತಬ್ಬಿಬ್ಬಾದರು. ಇನ್ನೂ ಇಲ್ಲ ಎಂದು ತೆಲುಗಿನಲ್ಲೇ ತೊದಲಿದರು.

“ತಗೊಳ್ಳಿ ಮೊದ್ಲು. ನಾನು ಲೈನಲ್ಲೇ ಇರ್ತೀನಿ.”

ಅತ್ತೆ ಬ್ಯಾಗಿನಿಂದ ಮಾತ್ರೆ ತೆಗೆದು, ಬೂತಿನವನ ಹತ್ತಿರ ನೀರು ಇಸಿದುಕೊಂಡು ನುಂಗಿ, ಆಯಿತೆಂದು ವರದಿ ಒಪ್ಪಿಸಿ ಹೊರಗೆ ಬಂದರು. ಬಂದವರೇ ನನ್ನ ಮೇಲೆ ಹಾರಾಡಿದರು. “ನೋಡಿದ್ಯಾ ಶಾಂತಮ್ಮನ ಬುದ್ಧೀನ? ಗುರುತು ಪರಿಚಯ ಇಲ್ಲದವರ ಹತ್ರ ಊಟ ಮಾತ್ರೆ ಅಂತ ಹರಟ್ತಾಳೆ! ಎಸ್‌ಟಿಡಿ ಮೀಟರ್ ಓಡ್ತಿರತ್ತೆ, ಅವಳಿಗೇನು?”

“ಅತ್ತೆ, ಅವಳಿಗೆ ನೀವೇ ಅಂತ ಗೊತ್ತಾಗಿದೆಯೇನೋ” ಎಂದೆ.

“ಹೇಗೋ ಗೊತ್ತಾಗತ್ತೆ? ನಾನು ತೆಲುಗಲ್ಲಿ ಮಾತಾಡಿದೀನಿ!” ಎಂದರು ಹೆಮ್ಮೆಯಿಂದ.

ಆ ಹೆಮ್ಮೆ ಸಂಜೆಯವರೆಗೂ ಉಳಿಯುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಜಾರದ ಕಿಟಕಿಯ ಹತ್ತಿರ ಕೂತು ತಮ್ಮಷ್ಟಕ್ಕೆ ತಾವೇ ಎನ್ನುವಂತೆ ಹೇಳುತ್ತಿದ್ದರು, “ಇಷ್ಟು ದಿನ ಮಾತಾಡಿದೆ. ಒಬ್ಬರಿಗೂ ನನ್ನ ದನಿ ಗೊತ್ತಾಗಲಿಲ್ವಲ್ಲೋ.” ಗೊತ್ತಾಗಬಾರದೆಂದು ದನಿ ಬದಲಿಸಿದವರು ಅವರೇ. ಗೊತ್ತಾಗಲಿಲ್ಲವೆಂದು ನೊಂದುಕೊಂಡವರೂ ಅವರೇ! ಇವರಿಗೆ ಎರಡೂ ಬೇಕಾಗಿತ್ತು. ಮುದುಕರ ಕಣ್ಣಿಗಾಗಿ ಆ ಕೇಂದ್ರ ಇವರಿಲ್ಲದೆ ನಡೆಯಬೇಕು. ಆದರೆ ಇವರಿಲ್ಲ ಎಂದು ಅಲ್ಲಿ ಯಾರಿಗಾದರೂ ಅನ್ನಿಸಲೂಬೇಕು.

ಮಾರ್ಚ್ ಬಂತು, ವನವಾಸ ಮುಗಿಯಿತು, ಮಾನ್ಯತೆಯೂ ಸಿಕ್ಕಿತು! ಪತ್ರ ಕೊಡಲು ಪರೀಕ್ಷಕಿ ಮೇಡಂ ಮುಳಬಾಗಿಲಿಗೆ ಬಂದರು. ಕೇಂದ್ರದ ಮುಂದೆಯೇ ಶಾಮಿಯಾನ, ನೂರಾರು ಜನ, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟ ಅತ್ತೆ, ಪಕ್ಕದಲ್ಲಿ ನಾನು. ಮೇಡಂ ಭಾಷಣದಲ್ಲಿ ತಾವು ಹೇಳದೆ ಕೇಳದೆ ಬಂದ ದಿನದ ಕಥೆ ಹೇಳಿದರು. ಸಂಸ್ಥಾಪಕಿ ಇಲ್ಲದಿದ್ದರೂ ಕೆಲಸ ಅಚ್ಚುಕಟ್ಟಾಗಿತ್ತಂತೆ.

“ಆದರೆ ನನ್ನ ಮನಸ್ಸು ಗೆದ್ದದ್ದು ಬೇರೆ” ಎಂದರು. “ಮಧ್ಯಾಹ್ನ ಒಂದು ಫೋನ್ ಬಂತು. ಆಂಧ್ರದ ಕಡೆಯ ಯಾರೋ ಅಪರಿಚಿತ ಮಹಿಳೆ. ಆಕೆಯನ್ನು ಇವರು ಊಟ ಆಯಿತೇ ಎಂದು ಕೇಳಿದರು. ಬಿಪಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದರು. ಆಕೆ ಮಾತ್ರೆ ನುಂಗುವವರೆಗೂ ಫೋನ್ ಇಡಲಿಲ್ಲ! ಕೇಂದ್ರದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಫೋನಿನ ಸುತ್ತ ಬಂದು ನಿಂತಿದ್ದರು. ಕೆಲವರ ಕಣ್ಣಲ್ಲಿ ನೀರಿತ್ತು. ಮುಖ ನೋಡದ ಅಪರಿಚಿತರ ಮೇಲೆ ಇಷ್ಟು ಕಾಳಜಿಯನ್ನು ನಾನು ಎಲ್ಲೂ ಕಂಡಿಲ್ಲ.”

ಬಾಷಾ ತಲೆಯೆತ್ತಿ ಶಾಮಿಯಾನದ ಬಟ್ಟೆ ನೋಡತೊಡಗಿದ. ಅತ್ತೆ ನಿಧಾನವಾಗಿ ತಿರುಗಿ ಹಿಂದಿನ ಸಾಲಿನಲ್ಲಿದ್ದ ಶಾಂತಮ್ಮನನ್ನು ನೋಡಿದರು.

“ಗೊತ್ತಿತ್ತೇನೇ ನಿಮಗೆ?”

“ಏನಕ್ಕಾ ನೀವು!” ಎಂದಳು ಶಾಂತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. “ಮೊದಲ್ನೇ ದಿನ ಹಲೋ ಅಂದಾಗ್ಲೇ ಗೊತ್ತಾಯ್ತು. ನಿಮ್ ಫೋನ್ ಬರೋವರ್ಗೂ ಯಾರೂ ಊಟಕ್ಕೇ ಏಳ್ತಿರ್ಲಿಲ್ಲ. ಗೊತ್ತಾಯ್ತು ಅಂದ್ರೆ ನೀವು ಮತ್ತೆ ಮಾಡಲ್ವೇನೋ ಅಂತ ಸುಮ್ಕಿದ್ವಿ.”

ಎಲ್ಲರ ಮಾತಿನ ನಡುವೆ ಬಾಯಿ ಹಾಕುತ್ತಿದ್ದ ನಮ್ಮತ್ತೆಗೆ ಅವತ್ತು ಒಂದು ಮಾತೂ ಬರಲಿಲ್ಲ. ಮೇಡಂ ಪತ್ರ ಕೈಗೆ ಕೊಟ್ಟಾಗ ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಅಳುತ್ತಾ ನಿಂತಿದ್ದರು. ಪಾಪ, ಮಾನ್ಯತೆ ಸಿಕ್ಕಿದ ಸಂತೋಷಕ್ಕೆ ಎಂದುಕೊಂಡರು ಮೇಡಂ.

ಆಮೇಲಿನದು ಇನ್ನೂ ತಮಾಷೆ. ಮೇಡಂ ಹೊಗಳಿದ್ದರಿಂದ ಆ ಪದ್ಧತಿಯೇ ಕೇಂದ್ರದ ನಿಯಮವಾಗಿಬಿಟ್ಟಿತು! ಕರೆ ಮಾಡಿದವರನ್ನು ಮೊದಲು ಊಟ ಆಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದು ವಿಚಾರಿಸತಕ್ಕದ್ದು ಎಂದು ಫೋನಿನ ಮೇಲಿನ ಗೋಡೆಗೆ ಅಂಟಿಸಿದರು. ಕಾಲೇಜು ಹುಡುಗ ಫೋನ್ ಮಾಡಿದರೂ ಮಾತ್ರೆ! ಫೋನ್ ರಿಪೇರಿಯವನಿಗೂ ಮಾತ್ರೆ! “ನಂಗ್ಯಾವ ಕಾಯ್ಲೆನೂ ಇಲ್ಲ ಕಣಮ್ಮಾ” ಎಂದು ಆಣೆ ಮಾಡಿದವರೂ ಉಂಟು. ಅತ್ತೆ ಆ ನಿಯಮವನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ.

ಅತ್ತೆ ಈಗಿಲ್ಲ. ಶಾಂತಮ್ಮ ಮಗಳ ಊರಿಗೆ ಹೋದಳು, ಬಾಷಾನ ಸೈಕಲ್ ಷಾಪಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಕೇಂದ್ರ ನಡೆಯುತ್ತಿದೆ, ಕಣ್ಣಿನ ಶಿಬಿರಗಳೂ ನಡೆಯುತ್ತಿವೆ. ಕಟ್ಟಿದವರಿಲ್ಲದೆಯೂ ನಡೆಯಬೇಕು ಎಂಬ ಮಾನದಂಡ ಪೂರ್ತಿಯಾಗಿ ನಿಜವಾಯಿತು. ಆದರೆ ನಮ್ಮ ಮನೆಯ ಫೋನ್ ಹೊಡೆದುಕೊಂಡಾಗ ಈಗಲೂ ನಾನು ಅಡುಗೆಮನೆಯ ಕಡೆ ನೋಡುತ್ತೇನೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಯಾರೂ ಓಡಿ ಬರುವುದಿಲ್ಲ.

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಎದ್ದವನು, ಯಾಕೋ ತಡೆಯಲಾಗದೆ ಕೇಂದ್ರದ ನಂಬರ್ ಒತ್ತಿದೆ. ಹಳೆಯ ನಂಬರೇ, ಮುಂದೆ ಎರಡು ಎಂಬ ಅಂಕಿ ಸೇರಿಕೊಂಡಿದೆ ಅಷ್ಟೇ. ಏನು ಕೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಪರಿಚಯವಿಲ್ಲದ ಹುಡುಗಿಯ ದನಿ. ಅತ್ತೆಯನ್ನು ಅವಳು ನೋಡಿಯೇ ಇರಲಾರಳು.

“ಹಲೋ, ಸ್ವಯಂಸೇವಾ ಕೇಂದ್ರ. ಊಟ ಆಯ್ತಾ ಸಾರ್?”

“ಆಯ್ತಮ್ಮಾ.”

“ಮಾತ್ರೆ ತಗೊಂಡ್ರಾ?”

ನಾನು ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವವನಲ್ಲ. ಆದರೂ “ಇನ್ನೂ ಇಲ್ಲ” ಎಂದೆ.

“ಹೋಗಿ ತಗೊಂಡ್ ಬನ್ನಿ ಸಾರ್” ಎಂದಳು ಹುಡುಗಿ. “ನಾನು ಲೈನಲ್ಲೇ ಇರ್ತೀನಿ.”

ನಾನು ಎಲ್ಲಿಗೂ ಹೋಗಲಿಲ್ಲ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.